ರೇಂಜ್ ಬರವಲ್ದು

ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ ಒಂದು ಪುಟ್ಟ ಹಿತ್ತಾಳೆ ಬೀಗವಿದೆ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಕೀಲಿ ಎಂದೋ ಕಳೆದುಹೋಗಿದೆ. ಪೆನ್ನು ಹುಡುಕಲು ಖಾನೆ ಎಳೆದವರು ಅದನ್ನು ಎತ್ತಿ ನೋಡಿ, ಯಾವ ಪೆಟ್ಟಿಗೆಯದು ಎಂದು ಕೇಳುತ್ತಾರೆ. ಪೆಟ್ಟಿಗೆಯದಲ್ಲ, ಟೆಲಿಫೋನಿನದು ಎಂದರೆ ಚಿಕ್ಕ ವಯಸ್ಸಿನವರು ನಗುತ್ತಾರೆ. ಫೋನಿಗೆ ಬೀಗ ಹಾಕುವ ಕಾಲವೊಂದಿತ್ತು ಎಂದು ನಂಬಿಸುವುದಕ್ಕೆ ನನ್ನ ಬಳಿ ಆ ಬೀಗದ ಹೊರತು ಬೇರೆ ಸಾಕ್ಷಿಯಿಲ್ಲ.

ಹಲಸೂರಿನ ಬಜಾರಿನ ಹಿಂದೆ ನಮ್ಮದೊಂದು ವಠಾರ. ಏಳು ಮನೆ, ಎರಡು ನಲ್ಲಿ, ಒಂದು ಫೋನು. ಆ ಫೋನು ರತ್ನಂ ಮಾಮಿಯ ಮನೆಯದು. ಅವರ ಯಜಮಾನರಿಗೆ ರೈಲ್ವೆಯಲ್ಲಿ ಕೆಲಸವಿತ್ತು, ಅದಕ್ಕೇ ಫೋನು ಸಿಕ್ಕಿತ್ತು. ನನ್ನ ಅಪ್ಪ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಅವರ ಕಾರ್ಡಿನ ಮೇಲೂ ಮಾಮಿಯ ನಂಬರೇ ಇತ್ತು. ನಂಬರಿನ ಮುಂದೆ ಪಿ.ಪಿ. ಎಂಬ ಎರಡು ಅಕ್ಷರ. ಫೋನು ನಮ್ಮದಲ್ಲ, ಪಕ್ಕದವರದು, ಕೇಳಿದರೆ ಕರೆದುಕೊಡುತ್ತಾರೆ ಎಂದು ಅದರ ಅರ್ಥ. ನಾನು ಅದನ್ನು ಪೀಪಿ ಎಂದು ಓದಿಕೊಂಡು, ಫೋನು ಬಂದಾಗ ಯಾರೋ ಪೀಪಿ ಊದುತ್ತಾರೆ ಎಂದು ತಿಳಿದಿದ್ದೆ. ಅದು ಪೂರ್ತಿ ತಪ್ಪೇನಲ್ಲ. ಮಾಮಿ ಕಿಟಕಿಗೆ ಮುಖವಿಟ್ಟು, "ಯಾರಪ್ಪಾ, ಅಕೌಂಟು ಸಾರ್‌ಗೆ ಫೋನೂ!" ಎಂದು ಕೂಗಿದರೆ ಏಳೂ ಮನೆಗೆ ಕೇಳುತ್ತಿತ್ತು, ಏಳೂ ಮನೆಯವರು ಬಾಗಿಲಿಗೆ ಬರುತ್ತಿದ್ದರು.

ಬರುವ ಫೋನಿಗೆ ಮಾಮಿಯ ಅಡ್ಡಿಯಿರಲಿಲ್ಲ. ಹೋಗುವ ಫೋನಿಗಿತ್ತು. ಬೆರಳಿಟ್ಟು ತಿರುಗಿಸುವ ಆ ಡಯಲಿನ ಒಂದು ತೂತಿಗೆ ಈ ಬೀಗ ಸಿಕ್ಕಿಸಿಬಿಟ್ಟರೆ ಅದು ತಿರುಗುತ್ತಿರಲಿಲ್ಲ. ಆದರೆ ರಿಸೀವರ್ ಇಡುವ ಕಡೆಯ ಗುಂಡಿಯನ್ನು ಟಕ್ ಟಕ್ ಎಂದು ಲೆಕ್ಕವಿಟ್ಟು ತಟ್ಟಿದರೆ ನಂಬರು ತಾನೇ ಹೋಗುತ್ತದೆಂದು ನಾನು ಶಾಲೆಯಲ್ಲಿ ಕೇಳಿದ್ದೆ. ಐದಕ್ಕೆ ಐದು ಸಲ, ಸೊನ್ನೆಗೆ ಹತ್ತು ಸಲ. ಬೀಗ ಹಾಕಿದವರು ಡಯಲಿಗೆ ಹಾಕಿದ್ದರೇ ಹೊರತು ಗುಂಡಿಗೆ ಹಾಕಿರಲಿಲ್ಲ. ಒಂದು ಮಧ್ಯಾಹ್ನ, ಮಾಮಿ ಹಿತ್ತಲಲ್ಲಿದ್ದಾಗ, ಅಪ್ಪನ ದನಿಯಲ್ಲಿ "ಮಗಳಿಗೆ ಜ್ವರ" ಎಂದು ಹೇಳುವ ಉದ್ದೇಶದಿಂದ ಶಾಲೆಗೆ ತಟ್ಟಿದೆ. ಎಲ್ಲೋ ಒಂದು ಟಕ್ ಹೆಚ್ಚಾಯಿತು. ಆ ಕಡೆಯಿಂದ ಒಂದು ಗಡಸು ದನಿ, "ಆಟಾ ನೈ ಹೈ, ಕಲ್ ಆವ್" ಎಂದು ಹೇಳಿ ಇಟ್ಟುಬಿಟ್ಟಿತು. ಹಿಟ್ಟಿಲ್ಲ, ನಾಳೆ ಬಾ ಅಂತ. ಶಿವಾಜಿನಗರದ ಯಾವುದೋ ಹಿಟ್ಟಿನ ಗಿರಣಿ. ಹಿಂತಿರುಗಿ ನೋಡಿದರೆ ಮಾಮಿ ನಿಂತಿದ್ದರು. ಬೈಯಲಿಲ್ಲ. "ಏನೇ, ಮರಕುಟಿಗ, ಯಾರಿಗೆ ತಟ್ತಾ ಇದೀಯಾ?" ಎಂದರು, ಅಷ್ಟೆ.

ಮುಂದೆ ಪತ್ರಿಕಾ ಕಚೇರಿಯಿಂದ "ಸೋಮವಾರದಿಂದ ಕೆಲಸಕ್ಕೆ ಬನ್ನಿ" ಎಂಬ ಫೋನು ಬಂದದ್ದೂ ಅದೇ ಕಿಟಕಿಯ ಮೂಲಕ. ಮಾಮಿ ಊರಿಗೆ ಹೊರಟು ಫೋನು ವಾಪಸು ಕೊಟ್ಟ ದಿನ ಬೀಗವನ್ನು ನನ್ನ ಕೈಗಿಟ್ಟು, "ನೀನೇ ತಾನೇ ತೆಗೆದಿದ್ದು, ನೀನೇ ಇಟ್ಕೋ" ಎಂದರು. ಮೂವತ್ತು ವರ್ಷ ಸುದ್ದಿಮನೆಯಲ್ಲಿ ಕಳೆದು ನಿವೃತ್ತಳಾದೆ, ಮನೆ ಹಲಸೂರಿನಿಂದ ಕಗ್ಗದಾಸಪುರಕ್ಕೆ ಬಂತು, ಬೀಗವೂ ಬಂತು. ಹೋದ ವರ್ಷ ಅದು ಮತ್ತೆ ನೆನಪಾಗಲು ಕಾರಣ ಶರಣಮ್ಮ.

ಶರಣಮ್ಮ ನಮ್ಮ ಓಣಿಯಲ್ಲೇ, ನನ್ನ ಮೊದಲ ಮಹಡಿಯ ಬಾಲ್ಕನಿಗೆ ನೇರ ಎದುರಿಗೆ, ನೆಲಮಹಡಿಯ ಒಂದು ಕೋಣೆಯಲ್ಲಿದ್ದಾರೆ. ಕುಷ್ಟಗಿ ಕಡೆಯವರು. ಗಂಡ ಹನುಮಪ್ಪ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಾರೆ, ಇವರು ಜೋಳದ ರೊಟ್ಟಿ ಬಡಿದು ಮಾರುತ್ತಾರೆ. ರೈಲ್ವೆ ಗೇಟಿನ ಹತ್ತಿರದ ಗೋಡೆಯ ಮೇಲೆ "ಖಡಕ್ ರೊಟ್ಟಿ, ಮೆತ್ತನ್ನ ರೊಟ್ಟಿ, ಶೇಂಗಾ ಚಟ್ನಿ ಸಿಗತಾವ" ಎಂಬ ಬರಹ ಇದೆ. ಕೆಳಗೆ ಫೋನ್ ನಂಬರು. ಬರೆದವರು ಹನುಮಪ್ಪ. ಬೇರೆ ಬೇರೆ ಕಟ್ಟಡಗಳಲ್ಲಿ ಉಳಿದ ಬಣ್ಣದಲ್ಲಿ ಬರೆದದ್ದರಿಂದ ಆ ನಂಬರು ಮೊದಲು ನೀಲಿ, ನಡುವೆ ಕೆಂಪು, ಕೊನೆಗೆ ಆಸ್ಪತ್ರೆಯ ಹಸಿರು.

ಗುರುವಾರ ಹತ್ತು ರೊಟ್ಟಿ ತರಿಸುವುದು ನನ್ನ ರೂಢಿ. ಮೂವತ್ತು ಹೆಜ್ಜೆ ದೂರದವರಿಗೆ ನಾನು ಫೋನು ಮಾಡಿಯೇ ಹೇಳುತ್ತೇನೆ, ಮೊಣಕಾಲಿನ ಮೇಲೆ ಆಪಾದನೆ ಹೊರಿಸುತ್ತೇನೆ. ಆ ಸಲ ಮೂರು ದಿನ ಮಾಡಿದರೂ ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಉತ್ತರವೇ ಬಂತು. ಬಾಲ್ಕನಿಯಿಂದ ನೋಡಿದರೆ ಚಂದಾದಾರರು ಕಣ್ಣೆದುರಿಗೇ ಹಿಟ್ಟು ನಾದುತ್ತಿದ್ದರು. ಕೊನೆಗೆ ಇಳಿದು ಹೋದೆ.

"ಏನ್ರೀ ಶರಣಮ್ಮ, ನಿಮ್ಮ ಫೋನ್ ಸಿಗ್ತಾನೇ ಇಲ್ವಲ್ಲ?"

"ಸಿಗೂದ್ ಹ್ಯಾಂಗ್ರೀ ಅಕ್ಕಾರ? ಟವರ್ ಇದ್ದ ಮನಿ ಕೆಡವಿದ್ರಲ್ಲ, ಅವತ್ತಿಂದ ರೇಂಜ್ ಬರವಲ್ದು."

ಟವರಿದ್ದ ಮನೆ ಮುನಿರಾಜಣ್ಣನದು. ಈ ಊರು ಊರಾಗಿದ್ದಾಗಿನಿಂದ ಇರುವ ಮನೆತನ. ಅದನ್ನು ಕೆಡವಿ, ಕೆಲಸಕ್ಕೆ ಹೋಗುವವರು ಊಟ ಸಮೇತ ಬಾಡಿಗೆಗಿರುವ ಐದು ಮಹಡಿಯ ಪಿ.ಜಿ. ಕಟ್ಟಿಸುತ್ತಿದ್ದರು. "ನಮ್ ತಾತ ರಾಗಿ ಬೆಳೀತಿದ್ರು, ನಾನು ಟವರ್ ಬೆಳೆದೆ, ನನ್ ಮಗ ಪಿ.ಜಿ. ಬೆಳೀತಾನಂತೆ ಮೇಡಂ. ಭೂಮಿ ಅಂದ್ಮೇಲೆ ಏನಾದ್ರೂ ಬೆಳೀಲೇಬೇಕಲ್ಲ" ಎಂದು ಅವರು ನನಗೆ ಹೇಳಿದ್ದರು. ಟವರು ಹೋದ ಮೇಲೆ ಒಂದೇ ಒಂದು ಕಂಪನಿಯ ರೇಂಜ್ ನಮ್ಮ ಓಣಿಯಿಂದ ಮಾಯವಾಯಿತು. ಶರಣಮ್ಮನದು ಅದೇ ಕಂಪನಿ.

ನನಗೆ ಇದು ದೊಡ್ಡ ತೊಂದರೆಯಾಗಿ ಕಾಣಲಿಲ್ಲ. ನಂಬರು ಹಾಗೇ ಇಟ್ಟುಕೊಂಡು ಬೇರೆ ಕಂಪನಿಗೆ ಹೋದರಾಯಿತು ಎಂದೆ. ಆಗ ಅವರು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ದೇವರ ಫೋಟೋದ ಹಿಂದಿನಿಂದ ಒಂದು ಕಾಗದ ತೆಗೆದರು. ಬೈಯಪ್ಪನಹಳ್ಳಿ ಮೆಟ್ರೋ ಸ್ಟೇಷನ್ನಿನ ಹೊರಗೆ ಬಣ್ಣದ ಕೊಡೆಯ ಕೆಳಗೆ ಕೂತಿದ್ದವರು, ತಿಂಗಳ ಬಿಲ್ಲಿನಲ್ಲಿ ಅರ್ಧ ಬಿಡುತ್ತೇವೆಂದು ಸಹಿ ಹಾಕಿಸಿಕೊಂಡ ಕಾಗದ. ಒಂದು ವರ್ಷದವರೆಗೆ ಕಂಪನಿ ಬಿಟ್ಟು ಹೋಗುವಂತಿಲ್ಲ. ಹೋದರೆ ನಿರ್ಗಮನ ಶುಲ್ಕ. ಅವರು ಎರಡು ವಾರ ಬಡಿದ ರೊಟ್ಟಿ ಅದಕ್ಕೇ ಹೋಗುವಷ್ಟು. ಅದನ್ನು ಕಟ್ಟುವವರೆಗೆ ನಂಬರು ಆಚೆ ಬಿಡುವುದಿಲ್ಲ.

"ಇದಕ್ಕ ಲಾಕಿನ್ ಅಂತಾರಂತ್ರೀ" ಎಂದರು ಶರಣಮ್ಮ.

ನನ್ನ ಖಾನೆಯ ಬೀಗ ನೆನಪಾದದ್ದು ಆಗ.

"ಹೊಸ ನಂಬರ್ ತಗೊಂಡ್ಬಿಡಿ. ಗೋಡೆ ಮೇಲೆ ಬೇರೆ ಬರೆಸಿದ್ರಾಯ್ತು" ಎಂದೆ, ಯೋಚಿಸದೆ.

"ಗ್ವಾಡಿ ಮ್ಯಾಲ ನಮ್ಮವ ಮತ್ತ ಬರೀತಾನ್ರಿ. ಮಂದಿ ತಲ್ಯಾಗ ಯಾರ್ ಬರೀಬೇಕು?"

ಜೊತೆಗೆ ಇನ್ನೊಂದು ತೊಡಕು. ಮುನಿರಾಜಣ್ಣನ ಪಿ.ಜಿ. ಕಟ್ಟಿ ಮುಗಿದ ಮೇಲೆ ಅಲ್ಲಿಗೆ ದಿನವೂ ರೊಟ್ಟಿ ಬೇಕಾಗುತ್ತಿತ್ತು. ಅಡುಗೆಯ ಕಾಂಟ್ರಾಕ್ಟು ಹಿಡಿದವರು ರಾಮಮೂರ್ತಿ ನಗರದವರು, ನಾಲ್ಕು ಪಿ.ಜಿ. ನೋಡಿಕೊಳ್ಳುವವರು, ದಿನದ ಲೆಕ್ಕವನ್ನು ಫೋನಿನಲ್ಲೇ ಹೇಳುವವರು. ಮುನಿರಾಜಣ್ಣನೇ ಅವರಿಗೆ ಶರಣಮ್ಮನ ನಂಬರು ಕೊಟ್ಟಿದ್ದರು. ಅವರು ಎರಡು ಸಲ ಮಾಡಿ, "ಫೋನೇ ಸಿಗದೋರ ಹತ್ರ ರೊಟ್ಟಿ ಹೆಂಗೆ ಮಾತಾಡೋದು ಗುರೂ?" ಎಂದಿದ್ದರಂತೆ. ತಿಂಗಳ ಕೊನೆಯೊಳಗೆ ಸಿಕ್ಕರೆ ಇವರಿಗೆ, ಇಲ್ಲದಿದ್ದರೆ ಬೇರೆಯವರಿಗೆ. ಟವರು ಕಿತ್ತವರ ಕಟ್ಟಡದಿಂದಲೇ ಕೆಲಸ ಬರಬೇಕಿತ್ತು, ಟವರು ಕಿತ್ತದ್ದರಿಂದಲೇ ಅದು ಬರುವ ದಾರಿ ಮುಚ್ಚಿತ್ತು.

ನಾನು ಬಿಡಿಸಿಕೊಡುತ್ತೇನೆ ಎಂದು ಹೇಳಿ ಮೇಲೆ ಬಂದೆ. ಇಂಥ ಮಾತು ನನ್ನ ಬಾಯಿಂದ ಸುಲಭವಾಗಿ ಬರುತ್ತದೆ. ಮೂವತ್ತು ವರ್ಷ ಬೇರೆಯವರ ಬರಹ ತಿದ್ದಿದವರಿಗೆ ತಮ್ಮ ಬರಹದಿಂದ ಲೋಕ ತಿದ್ದೀತೆಂಬ ಭ್ರಮೆ ಇರುತ್ತದೆ. ಆ ಸಂಜೆ ಕಂಪನಿಗೆ ಮೂರು ಪುಟದ ಪತ್ರ ಬರೆದು ಮೇಲ್ ಮಾಡಿದೆ. "ಮೇಲ್ಕಾಣಿಸಿದ ಸನ್ನಿವೇಶದ ಹಿನ್ನೆಲೆಯಲ್ಲಿ" ಎಂಬ ಪ್ರಯೋಗ ಅದರಲ್ಲಿ ಎರಡು ಕಡೆ ಇತ್ತು. ಒಂದು ನಿಮಿಷದೊಳಗೆ ಉತ್ತರ ಬಂತು: ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು. ನಮ್ಮ ಪತ್ರಿಕೆಯಲ್ಲಿ ಅತ್ಯಂತ ಕೆಟ್ಟ ಕವಿತೆಗೂ ಒಂದು ವಾರವಾದರೂ ಕಾಯುವ ಗೌರವವಿತ್ತು.

ಮರುದಿನ ಬುದ್ಧಿ ಬಂದು, ಪತ್ರ ಬಿಟ್ಟು ಹಳೆಯ ದಾರಿ ಹಿಡಿದೆ. ಮೊದಲು ಕಾಗದ ಪೂರ್ತಿ ಓದುವುದು. ಅದರ ಹಿಂಬದಿಯ ಅಕ್ಷರಗಳು ಸಾಸಿವೆಗಿಂತ ಸಣ್ಣವು. ಭೂತಗನ್ನಡಿ ಹಿಡಿದು, ಕರಡು ತಿದ್ದುವಂತೆ ಸಾಲಿನ ಕೆಳಗೆ ಅಳತೆಪಟ್ಟಿ ಸರಿಸುತ್ತಾ ಹೋದಾಗ ಹದಿನಾಲ್ಕನೆಯ ಷರತ್ತು ಸಿಕ್ಕಿತು. ಚಂದಾದಾರರು ನೋಂದಾಯಿಸಿದ ವಿಳಾಸದಲ್ಲಿ ಸೇವೆ ದೊರೆಯುತ್ತಿಲ್ಲವೆಂದು ದೂರು ಕೊಟ್ಟು, ಕಂಪನಿ ಪರಿಶೀಲಿಸಿ ಅದು ನಿಜವೆಂದು ಕಂಡರೆ ನಿರ್ಗಮನ ಶುಲ್ಕವಿಲ್ಲ. ಬೀಗ ಡಯಲಿಗಿತ್ತು, ಗುಂಡಿಗಿರಲಿಲ್ಲ.

ಆಮೇಲೆ ವರದಿಗಾರರ ಉದ್ದ ನೋಟ್‌ಬುಕ್ಕೊಂದನ್ನು ಹಿಡಿದು ಶರಣಮ್ಮನ ಒಲೆಯ ಪಕ್ಕ ಕೂತೆ. ಯಾರು, ಏನು, ಎಲ್ಲಿ, ಯಾವಾಗ.

"ದೂರು ಕೊಟ್ಟಿದೀರಾ?"

"ಮೂರ್ ಸಲ ಕೊಟ್ಟೀನ್ರಿ."

"ಎಲ್ಲಿಂದ? ಇಲ್ಲಿ ರೇಂಜ್ ಇಲ್ವಲ್ಲ."

"ರೈಲ್ವೆ ಗೇಟಿನ್ಯಾಗ ನಿಂತ ಮಾಡೀನಿ. ಅಲ್ಲೆ ಎರಡು ಕಡ್ಡಿ ಬರ್ತಾವು. ಆದ್ರ ರೈಲ್ ಬಂದ್ರ ಏನೂ ಕೇಳಂಗಿಲ್ಲ."

"ಅವರು ಏನಂದ್ರು?"

"ಮೆಸೇಜ್ ಕಳಿಸ್ಯಾರ್ರಿ, ನೋಡ್ರಿ. ಬರ್ತೀವಿ ಅಂತ ಹಾಕಿರಬೇಕು. ಜ್ವಾಪಾನ ಇಟ್ಟೀನಿ."

ಮೂರು ಸಂದೇಶಗಳು, ಇಂಗ್ಲಿಷಿನಲ್ಲಿ. ಬರುತ್ತೇವೆ ಎಂದು ಒಂದರಲ್ಲೂ ಇರಲಿಲ್ಲ. ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ ಎಂದು ಮೂರರಲ್ಲೂ ಇತ್ತು. ಓದಿ ಹೇಳಿದೆ. ಹಂಚಿನ ಮೇಲಿನ ರೊಟ್ಟಿ ಸೀದು ವಾಸನೆ ಬಂತು. ಅವರ ಕೈಯಲ್ಲಿ ರೊಟ್ಟಿ ಸೀದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸೋಮವಾರ ಇಬ್ಬರೂ ಇಂದಿರಾನಗರದಲ್ಲಿರುವ ಕಂಪನಿಯ ಅಂಗಡಿಗೆ ಹೋದೆವು. ಗಾಜಿನ ಬಾಗಿಲು, ತಣ್ಣನೆ ಗಾಳಿ, ಟೋಕನ್ ಚೀಟಿ. ಶರಣಮ್ಮ ಚಪ್ಪಲಿ ಹೊರಗೆ ಬಿಟ್ಟರು. ನಾನು ಬೇಡವೆಂದೆ. ಅವರು, "ಇಷ್ಟು ಬೆಳ್ಳಗ ಐತಲ್ರೀ" ಎಂದು ಬರಿಗಾಲಲ್ಲೇ ಬಂದರು. ಮ್ಯಾನೇಜರ್ ತಬಸ್ಸುಮ್ ಎಂಬ ಯುವತಿ, ಶಿವಾಜಿನಗರದವರು. ನಂಬರು ಹೊಡೆದು ತೆರೆಯನ್ನು ನೋಡಿದರು.

"ಮೇಡಂ, ಮೂರು ಕಂಪ್ಲೇಂಟೂ ಕ್ಲೋಸ್ ಆಗಿದೆ. ಸ್ಟೋರ್‌ಗೆ ಬಂದು ಸಿಮ್ ಚೆಕ್ ಮಾಡಿಸಿ ಅಂತ ಕರೆದಿದ್ದಾರೆ, ಇವರು ಬರೋಕೆ ಒಪ್ಪಿಲ್ಲ. ಕಸ್ಟಮರ್ರೇ ಒಪ್ಪಿಲ್ಲ ಅಂದ್ರೆ ಚಾರ್ಜ್ ಕಟ್ಲೇಬೇಕಾಗುತ್ತೆ."

"ನಾ ಯಾವಾಗ ಒಲ್ಲೆ ಅಂದೀನ್ರಿ?" ಶರಣಮ್ಮ ಎದ್ದು ನಿಂತರು. "ಕರದಿದ್ರ ಓಡಿ ಬರ್ತಿದ್ನಲ್ರೀ! ರೊಟ್ಟಿ ಬಿಟ್ಟು ಬರ್ತಿದ್ದೆ!"

ಸುದ್ದಿಮನೆಯಲ್ಲಿ ಒಂದು ನಿಯಮವಿತ್ತು. ಹೇಳಿದ್ದೇ ಬೇರೆ, ಬರೆದದ್ದೇ ಬೇರೆ ಎಂದು ಯಾರಾದರೂ ಜಗಳಕ್ಕೆ ಬಂದರೆ ವಾದಿಸಬಾರದು, ಧ್ವನಿಮುದ್ರಣ ಕೇಳಬೇಕು. ಕೇಳಿಸಿ ಎಂದೆ. ತಬಸ್ಸುಮ್ ಯಾರಿಗೋ ಫೋನು ಮಾಡಿ ಅನುಮತಿ ಪಡೆದು, ಹತ್ತು ನಿಮಿಷದ ಮೇಲೆ ಕಂಪ್ಯೂಟರಿನಲ್ಲಿ ಹಾಕಿದರು. ಮೊದಲು ಒಬ್ಬ ಯುವಕನ ಮೃದುವಾದ ದನಿ.

"ಮೇಡಂ, ಸಿಮ್ ಚೆಕ್ ಮಾಡ್ಬೇಕು. ಹತ್ತಿರದ ಸ್ಟೋರ್‌ಗೆ ಬರ್ತೀರಾ?"

ಹಿಂದೆ ರೈಲಿನ ಕೂಗು. ಅದರ ಮೇಲೆ ಶರಣಮ್ಮ: "ಏನ್ರೀ? ಬರವಲ್ದ್ರೀ!"

"ಬರಲ್ವಾ ಮೇಡಂ?"

"ಹೂನ್ರೀ, ಬರವಲ್ದು! ಏನೂ ಬರವಲ್ದು!"

"ಸರಿ ಮೇಡಂ, ನೋಟ್ ಮಾಡ್ಕೊಂಡಿದೀನಿ. ನಿಮ್ಮ ದಿನ ಶುಭವಾಗಿರಲಿ."

ನಾನು ತಲೆ ಕೆಳಗೆ ಹಾಕಿದೆ. ನಗು ತಡೆಯಲು ಎಂದು ತಬಸ್ಸುಮ್ ಅಂದುಕೊಂಡಿರಬೇಕು. ನಿಜವಾಗಿ ಅದು ನಾಚಿಕೆ. ಆ ಯುವಕ ಮಾಡಿದ ತಪ್ಪನ್ನು ನಾನು ಅವನಿಗಿಂತ ಬಹಳ ಮೊದಲು, ಅಚ್ಚಿನಲ್ಲಿ ಮಾಡಿದ್ದೆ.

ಕೆಲಸಕ್ಕೆ ಸೇರಿದ ಹೊಸತು. ಕೊಪ್ಪಳ ಕಡೆಯ ನಮ್ಮ ವರದಿಗಾರ ಅಮರೇಶಪ್ಪ ಫೋನಿನಲ್ಲಿ ಸುದ್ದಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಸೇತುವೆಯ ಉದ್ಘಾಟನೆ, ಜನ ಸೇರಿದ್ದಾರೆ, "ಮಂತ್ರಿಗಳು ಇನ್ನಾ ಬರವಲ್ರು" ಎಂದರು. ಇನ್ನೂ ಬಂದಿಲ್ಲ ಎಂದಷ್ಟೇ ಅವರ ಮಾತು. ಹಲಸೂರಿನಲ್ಲಿ ತಮಿಳು, ದಖನಿ ಎಲ್ಲವನ್ನೂ ಕೇಳಿ ಬೆಳೆದ ನನಗೆ ಕನ್ನಡದ ಈ ಒಂದು ರೂಪ ಮಾತ್ರ ಗೊತ್ತಿರಲಿಲ್ಲ. ಬರಲು ಒಲ್ಲರು ಎಂದು ಬಿಡಿಸಿಕೊಂಡು, "ಸೇತುವೆ ಉದ್ಘಾಟನೆಗೆ ಬರಲು ಸಚಿವರ ನಿರಾಕರಣೆ" ಎಂದು ತಲೆಬರಹ ಕೊಟ್ಟೆ. ಸಚಿವರು ಒಂದು ಗಂಟೆ ತಡವಾಗಿ ಬಂದು, ಉದ್ಘಾಟಿಸಿ, ಊಟವನ್ನೂ ಮಾಡಿ ಹೋಗಿದ್ದರು. ಮರುದಿನ ತಿದ್ದುಪಡಿ. ಸಂಪಾದಕರು ಬೈಯಲಿಲ್ಲ, ತಿದ್ದುಪಡಿಯನ್ನು ಕತ್ತರಿಸಿ ನನ್ನ ಮೇಜಿಗೆ ಅಂಟಿಸಿದರು. ಅಮರೇಶಪ್ಪ ಫೋನು ಮಾಡಿ, "ತಂಗೀ, ನಮ್ಮ ಕಡೆ ಮಳಿನೂ ಬರವಲ್ದು, ನಳಾನೂ ಬರವಲ್ದು, ನಿದ್ದಿನೂ ಬರವಲ್ದು. ಅವೆಲ್ಲಾ ನಿರಾಕರಣೆ ಮಾಡ್ಯಾವ ಅಂತ ಬರೀತಿಯೇನು?" ಎಂದು ನಕ್ಕರು. ಆಮೇಲೆ ನನಗೆ ಆ ಮಾತಿನ ಮೇಲೆ ಪ್ರೀತಿ ಹುಟ್ಟಿತು. ನಮ್ಮ ನಲ್ಲಿಯಲ್ಲಿ ನೀರು ಸುಮ್ಮನೆ ಬರುವುದಿಲ್ಲ. ಅವರ ನಳಕ್ಕೆ ಮನಸ್ಸಿದೆ, ಅದು ಒಲ್ಲದು. ಮನಸ್ಸಿದ್ದದ್ದಕ್ಕೆ ನಾಳೆ ಮನಸ್ಸು ಬದಲಾದೀತು.

ಇಷ್ಟನ್ನೂ ತಬಸ್ಸುಮ್ ಅವರಿಗೆ ಹೇಳಿದೆ. ಬರವಲ್ದು ಎಂದದ್ದು ಶರಣಮ್ಮ ಬರುವುದಿಲ್ಲ ಎಂದಲ್ಲ, ನಿಮ್ಮ ದನಿ ಬರುತ್ತಿಲ್ಲ ಎಂದು. ದೂರೇ ಅದು. ದೂರು ಕೊಡುವಾಗಲೇ ದೂರು ನಿಜವೆಂದು ಸಾಬೀತಾಗಿತ್ತು.

ತಬಸ್ಸುಮ್ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ನಮ್ಮ ನಾನಿ ಊಟಕ್ಕೆ ಕೂತ್ರೆ ನಕ್ಕೋ, ನಕ್ಕೋ, ಬೇಡ, ಬೇಡ ಅಂತಾನೇ ಎರಡು ಪ್ಲೇಟ್ ಬಿರಿಯಾನಿ ತಿಂತಾರೆ ಮೇಡಂ. ಅವರು ಕಾಲ್ ಸೆಂಟರ್‌ಗೆ ಫೋನ್ ಮಾಡಿದ್ರೆ ಏನು ನೋಟ್ ಮಾಡ್ಕೋತಾರೋ!" ಎಂದರು. ಆಮೇಲೆ ನಗು ನಿಲ್ಲಿಸಿ, ಮೂರೂ ದೂರುಗಳನ್ನು ಮತ್ತೆ ತೆರೆದರು. "ಎಂಜಿನಿಯರ್ ಮನೆಗೆ ಬಂದು ಸಿಗ್ನಲ್ ಇಲ್ಲ ಅಂತ ಬರೆದ್ರೆ ಚಾರ್ಜ್ ಇರಲ್ಲ. ನಂಬರ್ ತಗೊಂಡು ಎಲ್ಲಿಗೆ ಬೇಕಾದ್ರೂ ಹೋಗ್ಬಹುದು. ಬರೋಕೆ ಮುಂಚೆ ಫೋನ್ ಮಾಡ್ತಾರೆ."

"ಯಾವ ನಂಬರಿಗೆ?" ಎಂದೆ.

"ಇದೇ ನಂಬ..." ಎಂದು ತಬಸ್ಸುಮ್ ಅರ್ಧಕ್ಕೆ ನಿಲ್ಲಿಸಿದರು. ಮೂವರೂ ಆ ಫೋನನ್ನು ನೋಡಿದೆವು.

"ನನ್ನ ನಂಬರ್ ಬರ್ಕೊಳ್ಳಿ. ಮುಂದೆ ಪಿ.ಪಿ. ಅಂತ ಹಾಕಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಹಾಗಿದ್ದರೂ ಹಾಕಿಕೊಂಡರು.

ಮೂರನೆಯ ದಿನ ಬೆಳಿಗ್ಗೆ ಫೋನು ಬಂತು. ನಾನು ಬಾಲ್ಕನಿಗೆ ಓಡಿ, ಕಂಬಿ ಹಿಡಿದು ಬಾಗಿ, "ಶರಣಮ್ಮಾ, ಫೋನೂ!" ಎಂದು ಕೂಗಿದೆ. ಓಣಿಯ ನಾಲ್ಕು ಬಾಗಿಲು ತೆರೆದವು. ರತ್ನಂ ಮಾಮಿಯಷ್ಟು ದನಿ ನನಗೂ ಇದೆಯೆಂದು ಅರವತ್ತು ದಾಟಿದ ಮೇಲೆ ತಿಳಿಯಿತು.

ಎಂಜಿನಿಯರು ನಡುವಯಸ್ಸಿನವರು, ಮಾತು ಕಡಿಮೆ. ಕೈಯ ಯಂತ್ರವನ್ನು ಬಾಗಿಲಲ್ಲಿ ಹಿಡಿದರು, ಒಲೆಯ ಹತ್ತಿರ ಹಿಡಿದರು, ಹಿಟ್ಟಿನ ಡಬ್ಬದ ಮೇಲೆ ಹತ್ತಿ ಸೂರಿಗೆ ಹಿಡಿದರು. ಕೊನೆಗೆ ಕಚೇರಿಗೆ ಹೇಳಲು ತಮ್ಮ ಫೋನು ತೆಗೆದು, "ಹಲೋ, ಹಲೋ" ಎಂದರು. ಅದೂ ಅದೇ ಕಂಪನಿಯದು.

"ಬರವಲ್ದಲ್ರೀ?" ಎಂದರು ಶರಣಮ್ಮ, ರೊಟ್ಟಿ ಬಡಿಯುತ್ತಲೇ.

"ಬರ್ತಾ ಇಲ್ಲಮ್ಮ."

"ಅದನ್ನ ನಾ ಹೇಳೂದು!"

ಅವರು ನನ್ನ ಬಾಲ್ಕನಿಗೆ ಬಂದು, ನನ್ನ ಫೋನಿನಿಂದ ವರದಿ ಕೊಟ್ಟರು. ಹೋಗುವಾಗ ಎರಡು ರೊಟ್ಟಿ ಕಟ್ಟಿಸಿಕೊಂಡರು. ನಿರ್ಗಮನ ಶುಲ್ಕವಿಲ್ಲ ಎಂಬ ಸಂದೇಶ ಶರಣಮ್ಮನಿಗೆ ತಲುಪಿದ್ದು ಆ ಸಂಜೆ, ಗೇಟಿನ ಹತ್ತಿರ ನಿಂತಾಗ. ನಂಬರನ್ನು ಬೇರೆ ಕಂಪನಿಗೆ ಒಯ್ಯುವ ಸಂಕೇತವನ್ನೂ ಅಲ್ಲೇ ತರಿಸಿಕೊಂಡೆವು. ಅವರು ಫೋನನ್ನು ಆರತಿಯಂತೆ ಎರಡು ಕೈಯಲ್ಲಿ ಎತ್ತಿ ಹಿಡಿದಿದ್ದರು. ಗೇಟು ಹಾಕಿದ್ದರಿಂದ ನಿಂತಿದ್ದ ಸ್ಕೂಟರಿನವರೆಲ್ಲ ಅವರನ್ನೇ ನೋಡುತ್ತಿದ್ದರು, ಅವರ ಹಿಂದೆ ಗೋಡೆಯ ಮೇಲೆ ಮೂರು ಬಣ್ಣದ ನಂಬರು.

ಹೊಸ ಕಂಪನಿಯ ಸಿಮ್ ಬಂದು, ನಂಬರು ಅತ್ತ ಹೋಗುವ ದಿನ ತಿಂಗಳು ಮುಗಿಯಲು ಎರಡು ದಿನವಿತ್ತು. ಹಳೆಯ ಸಿಮ್ ಸತ್ತು ಹೊಸದು ಜೀವ ಹಿಡಿಯುವ ನಡುವೆ ಅರ್ಧ ದಿನ ಏನೂ ಇರುವುದಿಲ್ಲ ಎಂದು ನಾನು ಹೇಳಿದ್ದೆ. ಆದರೂ ಬೆಳಿಗ್ಗೆ ಶರಣಮ್ಮ ಓಣಿಯಿಂದ, "ಅಕ್ಕಾರ, ಹೋತ್ರೀ! ನಂಬರ್ ಹೋತು!" ಎಂದು ಕೂಗಿದರು. ಬರುತ್ತದೆ ಎಂದೆ. ಒಳಗೆ ನನಗೂ ಅಳುಕಿತ್ತು. ಪುಟ ಅಚ್ಚಿಗೆ ಹೋದ ಮೇಲೆ ತಪ್ಪೊಂದು ಉಳಿದಿದೆಯೇನೋ ಎನ್ನಿಸುವ ಆ ಹಳೆಯ ಅಳುಕು. ಹನ್ನೊಂದಕ್ಕೆ ಮಾಡಿದೆ, ವ್ಯಾಪ್ತಿ ಪ್ರದೇಶದ ಹೊರಗೆ. ಹನ್ನೆರಡಕ್ಕೆ ಮಾಡಿದೆ, ಹೊರಗೆ. ಊಟ ಮಾಡಿ, ಬೀಗವನ್ನು ಕೈಯಲ್ಲಿ ಆಡಿಸುತ್ತಾ ಬಾಲ್ಕನಿಯಲ್ಲಿ ಕೂತು ಮತ್ತೆ ಮಾಡಿದೆ.

ಎದುರು ಕೋಣೆಯಲ್ಲಿ ಗಂಟೆ ಬಾರಿಸಿತು. ರೊಟ್ಟಿ ಬಡಿಯುವ ಸದ್ದು ನಿಂತಿತು.

"ಅಕ್ಕಾರ! ಬರಾಕತ್ತೈತ್ರೀ! ಬರಾಕತ್ತೈತಿ!"

ಆ ಮಾತು ನನಗೆ ಎರಡು ಸಲ ಕೇಳಿಸಿತು. ಒಂದು ಓಣಿ ದಾಟಿ ನೇರವಾಗಿ, ಇನ್ನೊಂದು ಅರೆಗಳಿಗೆ ತಡವಾಗಿ ಫೋನಿನಲ್ಲಿ.

ಹತ್ತು ರೊಟ್ಟಿ ಬೇಕೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಕಡೆ ಅವರ ಫೋನಿನಲ್ಲಿ ಟುಂಯ್ ಟುಂಯ್ ಎಂಬ ಸದ್ದು.

"ಅಕ್ಕಾರ, ನೀವು ಇಡ್ರಿ. ಮತ್ಯಾರದೋ ಬರಾಕತ್ತೈತಿ. ಆ ಪಿ.ಜಿ. ಅಡಿಗಿಯವರು, ರಾಮಮೂರ್ತಿ ನಗರದವರು ಕಾಣಸ್ತೈತಿ."

ಇಟ್ಟೆ.